ತೊಂಬತ್ತರ ಡಬ್ಬಿಗೆ ನೂರಾ ನಲವತ್ತರ ಎಣ್ಣೆ

ಈಗ ಗ್ಯಾರೇಜಿಗೆ ಸೇರುವ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಗಾಡಿಗೆ ಯಾವ ಎಣ್ಣೆ ಅಂತ. ಅದಕ್ಕೆ ನಾನು ಬೇಕಾಗಿಲ್ಲ. ಗಾಡಿಯ ಜೊತೆಗೇ ಪುಸ್ತಕ ಬರುತ್ತದೆ, ಎಣ್ಣೆಯ ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ, ಓದಿಕೊಳ್ಳಬಹುದು. ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯೋಣ ಅಂತ ಕೂತಿದ್ದೇನೆ. ನಾನು ಯಾವಾಗ ಹೆಡ್ ಮಿಸ್ತ್ರಿಯಾದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ.

ನಾನು ಅಕ್ಕಲಕೋಟ ಕಡೆಯ ಹನ್ನೂರಿನ ಮಲ್ಲಪ್ಪ. ಕನ್ನಡ ಸಾಲೆಯಲ್ಲಿ ಏಳನೆಯ ತನಕ ಓದಿ ಸೋಲಾಪುರಕ್ಕೆ ಬಂದೆ. ಅಲ್ಲಿ ಚಾದರಿನ ವ್ಯಾಪಾರ ಮಾಡುವ ಒಬ್ಬ ಸೇಠರು ತಮ್ಮ ಲಾರಿಗಳಿಗಾಗಿ ಗ್ಯಾರೇಜು ಇಟ್ಟಿದ್ದರು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಸರಕಾರಿ ಕಚೇರಿಗಳ ಜೀಪುಗಳೂ ಅಲ್ಲಿಗೆ ರಿಪೇರಿಗೆ ಬರತೊಡಗಿದವು. ಆಗ ನನಗೆ ಇಪ್ಪತ್ತೈದರ ಆಸುಪಾಸು. ಕೈಯಲ್ಲಿ ಕೆಲಸ ಇತ್ತು, ತಲೆಯಲ್ಲಿ ಅದಕ್ಕಿಂತ ಹೆಚ್ಚು ಗರ್ವ ಇತ್ತು.

ನಮ್ಮ ಗ್ಯಾರೇಜಿನಲ್ಲಿ ಎಣ್ಣೆ ಪೀಪಾಯಿಯಲ್ಲಿ ಬರುತ್ತಿತ್ತು. ಪೀಪಾಯಿಯ ಮೇಲಿನ ಅಕ್ಷರ ಒಂದು ತಿಂಗಳಲ್ಲಿ ಕೊಳೆ ಹತ್ತಿ ಕಾಣದಂತಾಗುತ್ತಿತ್ತು. ಒಂದರಲ್ಲಿ ತೊಂಬತ್ತನೇ ನಂಬರಿನ ಗೇರ್ ಎಣ್ಣೆ, ಇನ್ನೊಂದರಲ್ಲಿ ನೂರಾ ನಲವತ್ತು. ನಂಬರು ದೊಡ್ಡದಾದಷ್ಟೂ ಎಣ್ಣೆ ಗಟ್ಟಿ. ಆದರೆ ಎಂಜಿನ್ ಎಣ್ಣೆಯ ನಂಬರಿನ ಲೆಕ್ಕವೇ ಬೇರೆ, ಗೇರ್ ಎಣ್ಣೆಯದೇ ಬೇರೆ. ಎಂಜಿನ್ನಿನ ನಲವತ್ತಕ್ಕೂ ಗೇರಿನ ತೊಂಬತ್ತಕ್ಕೂ ಗಟ್ಟಿತನದಲ್ಲಿ ಅಂಥ ಅಂತರ ಇಲ್ಲ. ಇದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು, ಯಾಕೆಂದರೆ ಯಾರೂ ಹೇಳಲಿಲ್ಲ. ನಾವು ಎಣ್ಣೆಯನ್ನು ಗುರುತಿಸುತ್ತಿದ್ದದ್ದು ಬೆರಳಿನಿಂದ. ಹೆಬ್ಬೆರಳಿಗೂ ತೋರುಬೆರಳಿಗೂ ಹಚ್ಚಿ ಎಳೆದು ನೋಡುವುದು, ಮೂಸುವುದು, ಮೊಳೆ ಅದ್ದಿ ಹನಿ ಬೀಳುವುದನ್ನು ನೋಡುವುದು. ಮೇ ತಿಂಗಳ ಸೋಲಾಪುರದಲ್ಲಿ ತೊಂಬತ್ತು ನೀರಿನಂತೆ ಓಡುತ್ತಿತ್ತು, ನೂರಾ ನಲವತ್ತು ಕಾಕಂಬಿಯಂತೆ ಇಳಿಯುತ್ತಿತ್ತು.

ಹೆಡ್ ಮಿಸ್ತ್ರಿ ಬಾಬುರಾವ್. ಕೆಲಸದಲ್ಲಿ ಅವರನ್ನು ಮೀರಿಸುವವರು ಆಗಿನ ಸೋಲಾಪುರದಲ್ಲಿ ಇರಲಿಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಕಾರಣ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಇದು ಹೀಗೆ, ಅದು ಹಾಗೆ, ಅಷ್ಟೇ. ಯಾಕೆ ಅಂತ ಕೇಳಿದರೆ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಬೀಸುತ್ತಿದ್ದರು. ಅವರ ಗುರುವೂ ಅವರಿಗೆ ಪಾನಾದಿಂದಲೇ ಕಲಿಸಿದ್ದನಂತೆ.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಹೀಗೆಯೇ. ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಎರಡು ಗಾಲಿಗಳ ನಡುವಿನ ಗುಂಡನೆಯ ಡಬ್ಬಿಗೆ, ಹಾಕುವ ಒಂದು ಖಾಸ್ ಎಣ್ಣೆ ಆಗ ಹೊಸದಾಗಿ ಬಂದಿತ್ತು. ಸುಟ್ಟ ಬೆಂಕಿಕಡ್ಡಿಯ ವಾಸನೆ ಅದಕ್ಕೆ. ತುಟ್ಟಿ ಎಣ್ಣೆ, ಹಾಗಾದರೆ ಒಳ್ಳೆಯದೇ ಇರಬೇಕು ಅಂತ ನಾನು ಒಬ್ಬ ಬಟ್ಟೆ ವ್ಯಾಪಾರಿಯ ಜೀಪಿನ ಗೇರುಡಬ್ಬಿಗೂ ಅದನ್ನೇ ಸುರಿದೆ. ಗೇರು ಹಗುರಾಗಿ ಬೀಳಲಿ ಅಂತ ಆ ಡಬ್ಬಿಯೊಳಗೆ ಹಿತ್ತಾಳೆಯ ಬಳೆಗಳಿರುತ್ತವೆ. ಗಂಧಕ ಬೆರೆತ ಎಣ್ಣೆ ಹಿತ್ತಾಳೆಯನ್ನು ತಿನ್ನುತ್ತದೆ. ಐದಾರು ತಿಂಗಳಲ್ಲಿ ಜೀಪು ಕರಕರ ಅನ್ನುತ್ತ ವಾಪಸು ಬಂತು. ಬಿಚ್ಚಿದರೆ ಬಳೆ ಸಗಣಿ ಕುಳ್ಳಿನಷ್ಟು ಕಪ್ಪು. ಬಾಬುರಾವ್ ಅದನ್ನು ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದರು.

"ಮಲ್ಯಾನ ಲಗ್ನಾ ಆತು ನೋಡ್ರ್ಯೋ. ಸಂಜಿತನಕ ತಗದ್ರ ಕೈ ಮುರೀತೀನಿ."

ಇಡೀ ಗ್ಯಾರೇಜು ನಕ್ಕಿತು. ನಾನೂ ನಕ್ಕೆ. ಆ ತಪ್ಪು ಕಬ್ಬಿಣ ಹಿತ್ತಾಳೆಯಷ್ಟರಲ್ಲೇ ಮುಗಿದಿತ್ತು, ಅದಕ್ಕೆ ನಗುವುದು ಸಾಧ್ಯವಾಯಿತು.

ಈಗ ನಮ್ಮ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಅದಕ್ಕೆ ನಾವು ಸಪ್ಪಳ ನುಂಗಿಸುವುದು ಅನ್ನುತ್ತಿದ್ದೆವು. ಸರಕಾರಿ ಜೀಪು ರಿಪೇರಿಯಾದ ಮೇಲೆ ಕಚೇರಿಯ ಒಬ್ಬ ಸಾಹೇಬರು ಬಂದು ಡ್ರೈವರನ ಪಕ್ಕ ಕೂತು ಅಕ್ಕಲಕೋಟ ನಾಕಾದ ತನಕ ಹೋಗಿ ಬರುತ್ತಿದ್ದರು. ಸಪ್ಪಳ ಕೇಳದಿದ್ದರೆ ಸಹಿ, ಕೇಳಿದರೆ ವಾಪಸು. ಸಾಹೇಬರಿಗೆ ಗಾಡಿಯ ಬಗ್ಗೆ ಗೊತ್ತಿದ್ದದ್ದು ಸಪ್ಪಳ ಒಂದೇ. ಹಾಗಾಗಿ ನಾವು ರಿಪೇರಿ ಮಾಡುತ್ತಿದ್ದದ್ದೂ ಸಪ್ಪಳವನ್ನೇ. ಸವೆದ ಹಲ್ಲಿನ ಗೇರಿಗೆ ಗಟ್ಟಿ ಎಣ್ಣೆ ಹಾಕಿದರೆ ಅದರ ಗೋಳು ಅರ್ಧ ಇಳಿಯುತ್ತದೆ. ಎಣ್ಣೆಗೆ ಒಂದು ಮುಷ್ಟಿ ಗ್ರೀಸು ಕಲಸಿ ಹಾಕಿದರೆ ಪೂರ್ತಿ ಮಲಗುತ್ತದೆ. ಹಳೇ ಗಾಡಿ ಮಾರುವವರು ಕಟ್ಟಿಗೆಯ ಹೊಟ್ಟನ್ನೂ ಹಾಕುತ್ತಿದ್ದರು. ನಾವು ಅಷ್ಟು ಕೆಳಗೆ ಇಳಿದವರಲ್ಲ ಅಂತ ನಮಗೆ ಹೆಮ್ಮೆ.

ಹಿಂದಿನ ಹೌಸಿಂಗಿಗೆ ನೂರಾ ನಲವತ್ತು ಹಾಕುವುದು ತಪ್ಪಲ್ಲ. ನಮ್ಮ ಬಿಸಿಲಿಗೆ ಅದು ನಡೆಯುತ್ತಿತ್ತು. ಆದರೆ ನಾಲ್ಕೂ ಗಾಲಿಗೆ ಜೋರು ಹೋಗುವ ಜೀಪಿನಲ್ಲಿ ಗೇರುಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಇರುತ್ತದೆ. ಎಂಜಿನ್ನಿನ ಜೋರನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವುದು ಅದು. ನಾವು ಅದನ್ನು ನಡುವಿನ ಡಬ್ಬಿ ಅನ್ನುತ್ತಿದ್ದೆವು. ಬಾಬುರಾವ್ ಒಂದು ಸಲ ನನಗೆ ಹೇಳಿದ್ದರು: "ನಡೂ ಡಬ್ಬಿಗೆ ತೊಂಬತ್ತ. ಸಪ್ಪಳ ಮಾಡಲಿ, ಸೋರಲಿ, ತೊಂಬತ್ತ." ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುದುಕರ ಹಟ ಅಂದುಕೊಂಡೆ.

ಜಮೀನು ಅಳೆಯುವ ಒಂದು ಕಚೇರಿಯ ಜೀಪು ನಮ್ಮಲ್ಲಿಗೆ ಬರುತ್ತಿತ್ತು. ಡ್ರೈವರ ಶರಣಪ್ಪ, ಕುಂಭಾರಿಯವನು. ನನಗಿಂತ ಎಂಟು ವರ್ಷ ದೊಡ್ಡವನು. ದಿನಾ ಸೈಕಲ್ಲಿನ ಮೇಲೆ ಕುಂಭಾರಿಯಿಂದ ಸೋಲಾಪುರಕ್ಕೆ ಬಂದು, ಜೀಪು ಒರೆಸಿ, ಊದಿನಕಡ್ಡಿ ಹಚ್ಚಿ ಕೆಲಸಕ್ಕೆ ಹತ್ತುತ್ತಿದ್ದ. ಆರು ವರ್ಷದಿಂದ ದಿನಗೂಲಿ. ಅವನನ್ನು ಕಾಯಂ ಮಾಡುವ ಕಾಗದ ಆ ವರ್ಷ ಪುಣೆಗೆ ಹೋಗಿತ್ತು. ಕಾಯಂ ಆಗುವುದೆಂದರೆ ಅವನಿಗೆ ಬರೀ ಪಗಾರವಲ್ಲ. ಅವನ ಮನೆತನದಲ್ಲಿ ಹೊಲದ ಕೂಲಿ ಬಿಟ್ಟು ಬೇರೆ ಕೆಲಸ ಮಾಡಿದವನು ಅವನೇ ಮೊದಲಿಗ. ಖಾಕಿ ಅಂಗಿ ಹಾಕಿ ಊರೊಳಗೆ ನಡೆದರೆ ಜನ "ಡ್ರೈವರ ಸಾಹೇಬ್ರು" ಅನ್ನುತ್ತಿದ್ದರು, ಅವನಿಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ನಾನು ಊರಿಗೆ ಹೋಗುವ ದಿನ ಜೀಪು ಆ ಕಡೆ ಹೊರಟಿದ್ದರೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ದಾರಿಯಲ್ಲಿ ಮಾತಿಲ್ಲ. ಕಿವಿ ಪೂರ್ತಿ ಗಾಡಿಯ ಮೇಲೆ.

ಮಳೆಗಾಲದ ನಡುವೆ ಒಂದು ದಿನ ಅವನು ಗ್ಯಾರೇಜಿಗೆ ಬಂದ.

"ತಮ್ಮಾ, ನಡೂ ಡಬ್ಬಿ ಅಳಾಕತ್ತೈತಿ. ಮೂವತ್ತ ಮೈಲಿ ಜೋರಿಗೆ ಹೋದ್ರ ಕೂಸಿನಂಗ ಅಳತೈತಿ. ಬಿಚ್ಚಿ ನೋಡು."

ಬಿಚ್ಚಿ ನೋಡಿದೆ. ಒಳಗೆ ಒಂದು ಗೇರು ಒಂದು ಗಟ್ಟಿ ಶಾಫ್ಟಿನ ಮೇಲೆ ತಿರುಗುತ್ತದೆ. ಅವೆರಡರ ನಡುವೆ ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿಗಳ ಬೇರಿಂಗು. ಶಾಫ್ಟೂ ಕಡ್ಡಿಗಳೂ ಸವೆದಿದ್ದವು. ಹೊಸ ಸಾಮಾನು ಮುಂಬಯಿಯಿಂದ ಬರಬೇಕು, ತಿಂಗಳೊಪ್ಪತ್ತಾಗುತ್ತದೆ. ಸಾಹೇಬರಿಗೆ ಸೋಮವಾರ ಜೀಪು ಬೇಕು. ಬಾಬುರಾವ್ ಆ ವಾರ ಪಂಢರಪುರಕ್ಕೆ ಹೋಗಿದ್ದರು. ಸೇಠರು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರು ಹೆಗಲ ಮೇಲೆ ಕೈ ಇಟ್ಟದ್ದು ಅದೇ ಮೊದಲು.

"ಮಿಸ್ತ್ರಿ ಇಲ್ಲ ಅಂದ್ರ ಗ್ಯಾರೇಜ್ ಬಂದ್ ಬೀಳತೈತೇನು ಮಲ್ಲಪ್ಪಾ? ಸಪ್ಪಳ ಬಂದ್ ಮಾಡಿ ಕೊಡು. ಸಾಮಾನು ಬಂದ ಮ್ಯಾಲ ಬಿಚ್ಚೂಣಂತ."

ನನಗೆ ಅದು ಬಡ್ತಿಯಂತೆ ಕೇಳಿತು. ನೂರಾ ನಲವತ್ತನ್ನು ತೆಗೆದುಕೊಂಡೆ. ಸಾಲದು ಅನ್ನಿಸಿ ಎರಡು ಮುಷ್ಟಿ ಗ್ರೀಸು ಕಲಸಿದೆ. ನಡುವಿನ ಡಬ್ಬಿಗೆ ತುಂಬಿ ಬಿರಡೆ ಬಿಗಿದೆ. ಜೀಪಿನ ರಿಪೇರಿ ಕಾರ್ಡಿನ ಮೇಲೆ ಎಣ್ಣೆ ತೊಂಬತ್ತು ಅಂತ ಬರೆದೆ, ಯಾಕೆಂದರೆ ಕಾರ್ಡಿನ ಮೇಲೆ ಯಾವಾಗಲೂ ಹಾಗೇ ಬರೆಯುತ್ತಿದ್ದೆವು.

ಸೋಮವಾರ ಸಾಹೇಬರು ನಾಕಾದ ತನಕ ಹೋಗಿ ಬಂದು ಸಹಿ ಹಾಕಿದರು. ಅವರು ಇಳಿದು ಹೋದ ಮೇಲೂ ಶರಣಪ್ಪ ಸ್ಟೇರಿಂಗ್ ಹಿಡಿದು ಕೂತೇ ಇದ್ದ.

"ಸಾಮಾನು ಸಿಕ್ತೇನು ತಮ್ಮಾ?"

"ಇಲ್ಲಣ್ಣಾ. ಎಣ್ಣಿ ಬದಲ್ ಮಾಡೀನಿ."

"ಮತ್ತ ಸಪ್ಪಳ ಎಲ್ಲಿ ಹೋತು?"

"ಹೋತು ಅಂದ್ರ ಹೋತು. ನಿಮಗ ಸಪ್ಪಳ ಬೇಕೇನ್ರಿ?"

ಅವನು ನಕ್ಕ. ನನ್ನನ್ನು ನಂಬಿ ನಕ್ಕ. ಆ ಸಪ್ಪಳವಿದ್ದರೆ ಅವನಂಥ ಡ್ರೈವರ ಇಪ್ಪತ್ತು ಮೈಲಿಗಿಂತ ಮೇಲೆ ಹೋಗುತ್ತಿರಲಿಲ್ಲ, ಜೋರಾದರೆ ನಿಲ್ಲಿಸಿಬಿಡುತ್ತಿದ್ದ. ಅವನ ಬಳಿ ಇದ್ದ ಒಂದೇ ಎಚ್ಚರಿಕೆಯನ್ನು ನಾನು ಗ್ರೀಸಿನಲ್ಲಿ ಮುಳುಗಿಸಿ ಕೊಟ್ಟಿದ್ದೆ.

ಮೂರನೆಯ ವಾರ. ನಮ್ಮ ಹನ್ನೂರಿನ ಕಡೆಯೇ ಅಳತೆಗೆ ಹೋಗಿದ್ದರು. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಅಂಥ ಕೆಸರಿನಲ್ಲಿ ಮುಂದಿನ ಗಾಲಿಗೂ ಜೋರು ಕೊಡಲು ಡ್ರೈವರನ ಬಳಿ ಒಂದು ಲಿವರ್ ಇರುತ್ತದೆ. ಕೆಸರು ದಾಟಿ ಡಾಂಬರಿಗೆ ಬಂದ ಮೇಲೆ ಅದನ್ನು ಬಿಡಿಸಲೇಬೇಕು. ಗಟ್ಟಿ ರಸ್ತೆಯ ಮೇಲೆ ನಾಲ್ಕೂ ಗಾಲಿ ಒಟ್ಟಿಗೆ ಕಟ್ಟಿಕೊಂಡು ಓಡಿದರೆ ಡಬ್ಬಿಯ ಮೇಲೆ ವಿಪರೀತ ಜಗ್ಗಾಟ ಬೀಳುತ್ತದೆ. ಹೊಸ ಡ್ರೈವರುಗಳು ಮರೆಯುವುದುಂಟು. ಶರಣಪ್ಪ ಮರೆತದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ವಾಪಸು ಬರುವಾಗ, ಕುಂಭಾರಿ ಇನ್ನೇನು ಬಂತು ಅನ್ನುವಲ್ಲಿ, ನಡುವಿನ ಡಬ್ಬಿ ಕಚ್ಚಿಕೊಂಡಿತು. ಓಡುವ ಗಾಡಿಯ ಹಿಂದಿನ ಗಾಲಿ ಒಮ್ಮೆಲೇ ನಿಂತರೆ ಸ್ಟೇರಿಂಗ್ ಯಾರ ಕೈಯಲ್ಲೂ ಇರುವುದಿಲ್ಲ. ಜೀಪು ಅಡ್ಡ ತಿರುಗಿ ರಸ್ತೆಯ ಪಕ್ಕದ ತಗ್ಗಿಗೆ ಮಗುಚಿತು. ಶರಣಪ್ಪನಿಗೆ ತರಚು ಗಾಯ. ಹಿಂದೆ ಕೂತಿದ್ದ ಖಲಾಸಿ ತುಕಾರಾಮ, ನಂದೇಶ್ವರದವನು, ಅಳತೆಯ ಸರಪಳಿ ಹಿಡಿಯುವವನು, ಜೀಪಿನ ಕೆಳಗೆ ಸಿಕ್ಕ. ದವಾಖಾನೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು. ಇನ್ನೂ ಮೂವತ್ತು ದಾಟದವನು.

ಜೀಪನ್ನು ನಮ್ಮ ಗ್ಯಾರೇಜಿಗೇ ಎಳೆದು ತಂದರು. ಎರಡನೆಯ ದಿನ ನಾನೇ ಡಬ್ಬಿ ಬಿಚ್ಚಿದೆ. ಶಾಫ್ಟು ಸುಟ್ಟು ನೀಲಿಯಾಗಿತ್ತು, ಸೂಜಿಕಡ್ಡಿಗಳು ಪುಡಿಯಾಗಿದ್ದವು. ಶಾಫ್ಟಿನ ಮೈಮೇಲೆ ಒಂದು ಸಣ್ಣ ರಂಧ್ರ. ಆ ರಂಧ್ರದೊಳಗಿಂದ ಹೋದ ಎಣ್ಣೆಯೇ ಕಡ್ಡಿಗಳನ್ನು ಮುಟ್ಟಬೇಕು, ಬೇರೆ ದಾರಿಯಿಲ್ಲ. ತೊಂಬತ್ತು ಅದರೊಳಗೆ ಇಳಿಯುತ್ತದೆ. ನಾನು ಕಲಸಿದ್ದು ಇಳಿದಿರಲಿಲ್ಲ. ರಂಧ್ರದ ಬಾಯಿಗೆ ಗ್ರೀಸು ಬೆಣೆಯಂತೆ ಕೂತಿತ್ತು. ಸುತ್ತ ಎಣ್ಣೆ ತುಂಬಿರುವಾಗಲೇ ಆ ಬೇರಿಂಗು ಎಣ್ಣೆಯಿಲ್ಲದೆ ಒಣಗಿ ಸತ್ತಿತ್ತು. ಬಾಬುರಾವ್ ಹೇಳದೆ ಬಿಟ್ಟ ಕಾರಣ ಅದು.

ಲಿವರ್ ಬಿಡಿಸದೆ ಓಡಿಸಿದ್ದರೆ ಗುರುತು ಬೇರೆ ಇರುತ್ತಿತ್ತು. ಗೇರಿನ ಹಲ್ಲುಗಳು ಜಗ್ಗಾಡಿ ಚಕ್ಕೆ ಏಳುತ್ತಿದ್ದವು, ಮುಂದಿನ ಟೈರು ಉಜ್ಜಿ ಸವೆದಿರುತ್ತಿತ್ತು. ಹಲ್ಲುಗಳ ಮೇಲೆ ಅಂಥ ಒಂದು ಗುರುತೂ ಇರಲಿಲ್ಲ. ನನಗೆ ಆ ಕ್ಷಣವೇ ಎಲ್ಲ ತಿಳಿಯಿತು.

ಬಾಬುರಾವ್ ಹಿಂದೆ ಬಂದು ನಿಂತಿದ್ದರು. ಬಗ್ಗಿ ರಂಧ್ರದ ಗ್ರೀಸನ್ನು ಉಗುರಿನಿಂದ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ಪಾನಾ ಬೀಸುತ್ತಾರೆ ಅಂದುಕೊಂಡೆ. ಬೀಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲವೋ ಏನೋ. ಅವರು ಮೂಲೆಯಿಂದ ಸೀಮೆಎಣ್ಣೆಯ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

"ರಾಕೆಲ್ ತಗೊ. ತೊಳಿ. ಎಲ್ಲಾ ತೊಳಿ."

ಅಷ್ಟೇ ಹೇಳಿ ಹೋದರು. ನಾನು ತೊಳೆದೆ. ಒಂದೊಂದು ಹಲ್ಲನ್ನೂ, ಆ ರಂಧ್ರವನ್ನೂ, ಗ್ರೀಸಿನ ಗುರುತು ಉಳಿಯದಂತೆ ಬ್ರಶ್ಶಿನಿಂದ ಉಜ್ಜಿ ತೊಳೆದೆ. ಜೀವಮಾನದಲ್ಲಿ ಅಷ್ಟು ಸ್ವಚ್ಛವಾಗಿ ನಾನು ಯಾವ ಸಾಮಾನನ್ನೂ ತೊಳೆದಿಲ್ಲ.

ವಿಚಾರಣೆ ಜಮೀನು ಅಳೆಯುವ ಕಚೇರಿಯಲ್ಲೇ ನಡೆಯಿತು. ಪುಣೆಯಿಂದ ಒಬ್ಬ ಎಂಜಿನಿಯರ್ ಸಾಹೇಬರು ಬಂದಿದ್ದರು. ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಸುಟ್ಟ ಶಾಫ್ಟನ್ನು ಇಟ್ಟಿದ್ದರು. ಶರಣಪ್ಪ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಖಾಕಿ ಅಂಗಿ ಒಗೆದು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ನಮ್ಮ ಗ್ಯಾರೇಜಿಗೆ ಬಂದಾಗ ಜೀಪಿನ ಆ ಲಿವರ್ ಹಾಕಿದ ಸ್ಥಿತಿಯಲ್ಲೇ ಇತ್ತು. ಮಗುಚಿದ ಗಾಡಿಯನ್ನು ಹತ್ತಾರು ಮಂದಿ ಸಿಕ್ಕಿದ್ದನ್ನು ಹಿಡಿದು ಎತ್ತಿದ್ದರು, ಆಗ ಯಾರ ಕೈ ತಾಗಿತ್ತೋ. ಸಾಹೇಬರಿಗೆ ಅದೇ ಸಾಕಾಗಿತ್ತು. ಅವರು ನನ್ನನ್ನು ಮರಾಠಿಯಲ್ಲಿ ಕೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಯಾವ ಎಣ್ಣೆ ಹಾಕಿದ್ದಿರಿ?"

"ಕಾರ್ಡಿನ ಮೇಲೆ ತೊಂಬತ್ತು ಅಂತ ಇದೆ, ಸಾಹೇಬರೇ."

"ಮುಂದಿನ ಲಿವರ್ ಬಿಡಿಸದೆ ಡಾಂಬರಿನ ಮೇಲೆ ಓಡಿಸಿದರೆ ಈ ಡಬ್ಬಿ ಸುಡಬಹುದೋ ಇಲ್ಲವೋ?"

ಸೇಠರು ಬಾಗಿಲಲ್ಲಿ ನಿಂತಿದ್ದರು. ನಾನು ಶರಣಪ್ಪನನ್ನು ನೋಡಲಿಲ್ಲ.

"ಸುಡಬಹುದು."

ಎರಡೂ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾರ್ಡಿನ ಮೇಲೆ ತೊಂಬತ್ತು ಅಂತಲೇ ಇತ್ತು. ಲಿವರ್ ಬಿಡಿಸದಿದ್ದರೆ ಡಬ್ಬಿ ಸುಡಬಹುದು, ಯಾವ ಪುಸ್ತಕ ಬೇಕಾದರೂ ಹೇಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ ಆಡಿದೆ. ಸತ್ತದ್ದು ಹಾವಲ್ಲ ಅನ್ನುವುದು ನನಗೆ ಆಗಲೇ ಗೊತ್ತಿತ್ತು.

ಸಾಹೇಬರು ಶರಣಪ್ಪನ ಕಡೆ ತಿರುಗಿದರು. ಲಿವರ್ ಬಿಡಿಸಿದ್ದೆಯಾ ಅಂದರು.

"ಬಿಡಿಸೀನ್ರಿ ಸಾಹೇಬ್ರ."

"ಖಾತ್ರಿ?"

ಅವನು ನನ್ನನ್ನು ನೋಡಿದ. ನಾನು ಸುಡಬಹುದು ಅಂದದ್ದನ್ನು ಅವನು ಕೇಳಿಸಿಕೊಂಡಿದ್ದ. ನಾನು ಎಣ್ಣೆಯ ಬಗ್ಗೆ ತಪ್ಪು ಹೇಳುವವನು ಅಂತ ಅವನಿಗೆ ಅನ್ನಿಸಿರಲೇ ಇಲ್ಲ. ಹಾಗಾದರೆ ತಪ್ಪಿರಬೇಕಾದದ್ದು ಇನ್ನೊಂದೇ ಕಡೆ. ಅವನು ಲಿವರ್ ಎಳೆಯುವ ತನ್ನ ಕೈಯನ್ನು ನೋಡಿಕೊಂಡ.

"ಬಿಡಿಸಿರಬೇಕ್ರಿ," ಅಂದ.

ಆ ಒಂದು ಮಾತಿಗೆ ಅವನ ಆರು ವರ್ಷ ಹೋಯಿತು. ಕಾಯಂ ಮಾಡುವ ಕಾಗದ ವಾಪಸು ಬಂತು, ಅದರ ಹಿಂದೆಯೇ ಕೆಲಸದಿಂದ ತೆಗೆದ ಕಾಗದ. ನಿಷ್ಕಾಳಜಿಯ ಡ್ರೈವರ ಅಂತ ಬರೆದಿದ್ದರು. ಸೋಲಾಪುರದಲ್ಲಿ ಒಬ್ಬ ಲಾರಿ ಮಾಲಿಕನೂ ಅವನನ್ನು ಮತ್ತೆ ಗಾಡಿಗೆ ಹತ್ತಿಸಲಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ ಅಂತ ಕೇಳಿದೆ. ನಾನು ಊರಿಗೆ ಹೋಗುವಾಗ ಬಸ್ಸು ಕುಂಭಾರಿಯಲ್ಲಿ ನಿಲ್ಲುತ್ತಿತ್ತು. ನಾನು ಆಚೆ ಬದಿಯ ಸೀಟು ಹಿಡಿದು ತಲೆಗೆ ಟವೆಲ್ ಸುತ್ತಿಕೊಂಡು ನಿದ್ದೆ ಬಂದವನಂತೆ ಕೂರುತ್ತಿದ್ದೆ.

ಅದರ ನಂತರ ನಾನು ಕೆಲಸದಲ್ಲಿ ಹುಚ್ಚನಂತಾದೆ ಅಂತ ಜೊತೆಯವರು ಹೇಳುತ್ತಿದ್ದರು. ಪೀಪಾಯಿಗಳ ಮೇಲೆ ಬಿಳಿ ಬಣ್ಣದಲ್ಲಿ ಕೈಯಗಲ ನಂಬರು ಬರೆದೆ. ಯಾವ ಡಬ್ಬಿಗೆ ಏನು ಹಾಕಿದೆ ಅನ್ನುವುದನ್ನು ತಗಡಿನ ಚೂರಿನ ಮೇಲೆ ಕೊರೆದು ಬಿರಡೆಗೆ ತಂತಿಯಿಂದ ಕಟ್ಟತೊಡಗಿದೆ. ಆಮೇಲಾಮೇಲೆ ಎಣ್ಣೆ ಕಂಪನಿಗಳ ಪಟ್ಟಿಗಳು ಗೋಡೆಗೆ ಬಂದವು, ಸೀಲು ಮಾಡಿದ ಡಬ್ಬಿಗಳು ಬಂದವು. ಸಪ್ಪಳ ನುಂಗಿಸುವ ಕೆಲಸ ನನ್ನ ಕೈಯಿಂದ ಮತ್ತೆ ಆಗಲಿಲ್ಲ. ಕೆಲಸ ಕಲಿಯಲು ಬಂದವರಿಗೆ ನಾನು ಪಾನಾ ಬೀಸದೆ ಕಾರಣ ಹೇಳುತ್ತಿದ್ದೆ. ಇದನ್ನೆಲ್ಲ ಕೇಳಿ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ತಗಡು ಕೊರೆಯುವುದು ಸುಲಭ, ಕುಂಭಾರಿಯಲ್ಲಿ ಬಸ್ಸಿನಿಂದ ಇಳಿಯುವುದು ಕಷ್ಟ. ನಾನು ಸುಲಭದ್ದನ್ನು ಮಾಡುತ್ತಿದ್ದೆ.

ಐದು ವರ್ಷ ಕಳೆದವು. ಬಾಬುರಾವ್ ತೀರಿಕೊಂಡರು. ಸೇಠರ ಮಕ್ಕಳು ಪಾಲು ಹಂಚಿಕೊಂಡು ಗ್ಯಾರೇಜು ಮುಚ್ಚಿದರು, ನಾನು ಬೇರೆ ಕಡೆ ಸೇರಿದೆ. ನಿಜ ಹೇಳಿದರೆ ಕಳೆದುಕೊಳ್ಳುವಂಥದ್ದು ನನಗೇನೂ ಉಳಿದಿರಲಿಲ್ಲ. ಆಗ ನನಗೆ ಧೈರ್ಯ ಬಂತು. ಅದನ್ನು ಧೈರ್ಯ ಅನ್ನಲು ನನಗೇ ನಾಚಿಕೆ.

ಒಬ್ಬ ವಕೀಲರ ಗುಮಾಸ್ತನಿಂದ ಮರಾಠಿಯಲ್ಲಿ ಅರ್ಜಿ ಬರೆಸಿದೆ. ಡಬ್ಬಿಗೆ ಹಾಕಿದ ಎಣ್ಣೆ ನನ್ನ ತಪ್ಪು, ಡ್ರೈವರನದ್ದಲ್ಲ, ಅವನ ಪ್ರಕರಣ ಮತ್ತೆ ನೋಡಬೇಕು ಅಂತ. ಕೆಳಗೆ ಎರಡು ಸಹಿಗೆ ಜಾಗ, ನನ್ನದು ಮತ್ತು ಶರಣಪ್ಪನದು. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಒಂದು ರವಿವಾರ ಬೆಳಿಗ್ಗೆ ಕುಂಭಾರಿಯಲ್ಲಿ ಇಳಿದೆ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದ. ಮೈ ಇಳಿದಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಬಾ ತಮ್ಮಾ, ಬಾ. ಎಷ್ಟ ದಿನಾ ಆತು. ಗಂಗವ್ವಾ, ಮಿಸ್ತ್ರಿ ಬಂದಾರ, ಚಹಾ ಇಡು."

ಅವನ ಹೆಂಡತಿ ಚಹಾ ಕೊಟ್ಟಳು. ಕುಡಿಯದೆ ಎಲ್ಲ ಹೇಳಿದೆ. ನೂರಾ ನಲವತ್ತು, ಗ್ರೀಸು, ರಂಧ್ರ, ಸೀಮೆಎಣ್ಣೆ, ಒಂದನ್ನೂ ಬಿಡಲಿಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ ಅಂತ ಕಾದೆ. ಹೊಡೆಯಲಿ ಅಂತ ಆಸೆಯೂ ಇತ್ತು. ಅವನು ಮೊರದಲ್ಲಿದ್ದ ಜೋಳವನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತ ಕೂತಿದ್ದ.

"ದಿನಾ ಒಮ್ಮೆ ಆ ರಸ್ತಾಕ್ಕ ಹೋಗಿ ಬರ್ತೀನಿ ತಮ್ಮಾ, ಮನಸ್ಸಿನಾಗ. ಹನ್ನೂರ ಕೆಸರಿನಾಗಿಂದ ಗಾಡಿ ಎತ್ತೀನಿ, ಡಾಂಬರಿಗೆ ಹತ್ತಿಸೀನಿ. ಅಲ್ಲಿಗೆ ನೆನಪು ಕಡದು ಹೋಗತೈತಿ. ಕೈ ಲಿವರಿಗೆ ಹೋಗಿದ್ದು ಕಾಣಂಗಿಲ್ಲ."

"ಕೈ ಹೋಗಿತ್ರಿ ಅಣ್ಣಾ. ನಾ ಹಲ್ಲ ನೋಡೀನಿ. ಲಿವರ್ ಬಿಡಿಸಿದ ಗಾಡಿನ ಅದು."

"ನೀ ನನ್ನ ಭಾರ ಹಗರ ಮಾಡಾಕ ಬಂದಿ."

"ಅಲ್ರಿ. ಖರೇನ ಹೇಳಾಕತ್ತೀನಿ."

"ಅವತ್ತ ಸಾಹೇಬ್ರ ಮುಂದನೂ ಖರೇನ ಹೇಳಿದಿ. ಸುಡಬಹುದು ಅಂದಿ. ಅವತ್ತ ನಿನಗ ನನ್ನಿಂದ ಏನೂ ಬೇಕಾಗಿರಲಿಲ್ಲ. ಇವತ್ತ ನಿನಗ ನನ್ನ ಮಾರಿ ನೋಡಾಕ ಆಗವಲ್ದು. ಯಾವುದನ್ನ ನಂಬಲಿ?"

ನಾನು ಅರ್ಜಿ ತೆಗೆದು ಅವನ ಮುಂದೆ ಇಟ್ಟೆ, ಪೆನ್ನು ಇಟ್ಟೆ. ಸಹಿ ಹಾಕಿದರೆ ಹೆಸರಾದರೂ ತಿರುಗಿ ಬರುತ್ತದೆ ಅಂದೆ. ಅವನಿಗೆ ಮರಾಠಿ ಓದಲು ಬರುತ್ತಿತ್ತು. ಬೆರಳಿಟ್ಟು ಪೂರ್ತಿ ಓದಿದ. 'ಲಿವರ್ ಬಿಡಿಸಿದ್ದೆನು' ಅನ್ನುವ ಸಾಲಿನ ಮೇಲೆ ಬೆರಳು ನಿಂತಿತು.

"ಇದರಾಗ ನಾ ಬಿಡಿಸೀನಿ ಅಂತ ಬರದೈತಿ."

"ಬಿಡಿಸೀರಿ ಅಣ್ಣಾ."

"ನಂದೇಶ್ವರಕ್ಕ ಹೋಗಿದ್ದೆ ನಾನು. ತುಕಾರಾಮನ ಕಾಲ ಹಿಡದು, ನನ್ನ ಚೂಕ ಆತಪ್ಪಾ ಅಂತ ಹೇಳಿ ಬಂದೀನಿ. ಅಂವಾ ಮಾಫ್ ಮಾಡ್ಯಾನ. ಈಗ ಇದರ ಮ್ಯಾಲ ಸಹಿ ಮಾಡಿ, ನಾಳೆ ನಾ ಮರತದ್ದ ಖರೆ ಆದ್ರ? ಆ ಕುಂಟನ ಕಾಲಿನ ಮ್ಯಾಲ ನಿಂತು ಸುಳ್ಳ ಹೇಳಿದಂಗ ಆತು. ನನಗ ಗೊತ್ತಿಲ್ಲದ್ದಕ್ಕ ನಾ ಸಹಿ ಮಾಡಂಗಿಲ್ಲ."

ಎಷ್ಟು ಹೇಳಿದರೂ ಅವನು ಪೆನ್ನು ಮುಟ್ಟಲಿಲ್ಲ. ಸಿಟ್ಟಿನಿಂದ ಹಾಗೆ ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಚಹಾ ಆರಿತು, ಇನ್ನೊಂದು ಸಲ ಕಾಸಿಕೊಂಡು ಬಾ ಅಂತ ಹೆಂಡತಿಗೆ ಹೇಳಿದ.

ನನ್ನ ಒಂದೇ ಸಹಿಯ ಅರ್ಜಿಯನ್ನು ಆ ಕಚೇರಿಗೆ ಕೊಟ್ಟೆ. ಸಂಬಂಧಪಟ್ಟ ನೌಕರನ ಅರ್ಜಿ ಇಲ್ಲದೆ ಹಳೆಯ ಪ್ರಕರಣ ತೆಗೆಯಲು ಬರುವುದಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಅದು ಆಮೇಲಿನ ಮಾತು. ಆ ರವಿವಾರ ನನ್ನನ್ನು ಬಸ್ಸಿಗೆ ಬಿಡಲು ಗಂಗವ್ವ ರಸ್ತೆಯ ತನಕ ಬಂದಳು. ಅವನು ಬರಲಿಲ್ಲ. ರಸ್ತೆಗೆ ಬಂದರೆ ಓಡುವ ಗಾಡಿಗಳನ್ನು ನೋಡಬೇಕಾಗುತ್ತದೆ ಅಂತ ಮಾರ್ಕೆಟ್ಟಿಗೂ ಹೊಲದ ದಾರಿಯಿಂದಲೇ ಹೋಗುತ್ತಾನಂತೆ.

"ನೀವು ಹೇಳಿದ್ದು ಖರೆ ಏನ್ರಿ ಮಿಸ್ತ್ರಿ?" ಅಂತ ಅವಳು ಕೇಳಿದಳು.

"ಖರೇರಿ ಅಕ್ಕಾ."

ಅವಳು ಬಸ್ಸು ಬರುವ ಕಡೆ ನೋಡಿದಳು. ಬಸ್ಸು ದೂರದಲ್ಲಿ ಕಾಣುತ್ತಿತ್ತು.

"ಮೊದಲ ಹಿಂಗ ಇರಲಿಲ್ರಿ ಅವರು. ಈಗ ಬಾಗಲಾ ಹಾಕಿ ಬಂದು ಮಲಗತಾರ, ಮತ್ತ ಎದ್ದು ಹೋಗಿ ನೋಡತಾರ. ನನ್ನ ಎಬ್ಬಿಸಿ, ಹಾಕೀನೇನು ನೋಡು ಅಂತಾರ. ಒಲಿ ಆರ್ಸೀನೇನು, ಎತ್ತಿನ ಹಗ್ಗಾ ಕಟ್ಟೀನೇನು, ದಿನಾ ಇದ. ಕಣ್ಣ ಮುಂದ ಕಟ್ಟಿರತಾರ್ರಿ, ಆದ್ರೂ ಕೇಳತಾರ. ತಮ್ಮ ಕೈ ಮ್ಯಾಲ ತಮಗ ನಂಬಿಗಿ ಇಲ್ಲ. ಸೋಲಾಪುರದಾಗ ಇದಕ್ಕೇನರೆ ಔಷಧ ಸಿಗತೈತೇನ್ರಿ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಲಗೂನ ಹತ್ತಿರಿ ಅಂತ ಕೂಗಿದ. ವಿಚ್ಯಾರ ಮಾಡಿ ಹೇಳತೀನ್ರಿ ಅಕ್ಕಾ ಅಂದು ನಾನು ಹತ್ತಿದೆ.